‘ಯಮ್ ಚಾ’ ಎಂಬ ಮಾತು

ಪರಭಾಷೆಯ ಪದವೊಂದರ ಅರ್ಥ ಕೋಶದಲ್ಲಿ ದೊರೆತೀತು. ಅದರ ಬಳಕೆ ದೊರೆಯುವುದು ಜನರ ನಡುವೆ. ಕ್ಯಾಂಟನೀಸ್ ನುಡಿಯ ‘ಯಮ್ ಚಾ’ ಇದಕ್ಕೆ ಒಳ್ಳೆಯ ನಿದರ್ಶನ. ‘ಯಮ್’ ಎಂದರೆ ಕುಡಿ, ‘ಚಾ’ ಎಂದರೆ ಚಹ. ನಮ್ಮ ‘ಚಹ’ವೂ ಚೀನದ ಅದೇ ಮೂಲದಿಂದ ಹರಿದುಬಂದದ್ದು. ಆದರೆ ಹಾಂಗ್‌ಕಾಂಗಿನಲ್ಲಿಯೂ ಗ್ವಾಂಗ್‌ಜೋವಿನಲ್ಲಿಯೂ ‘ಯಮ್ ಚಾಗೆ ಹೋಗೋಣ’ ಎಂದರೆ ಬರಿಯ ಪಾನವಲ್ಲ. ಚಹದ ಮನೆಯಲ್ಲಿ ದುಂಡುಮೇಜಿನ ಸುತ್ತ ಅಜ್ಜ, ಮೊಮ್ಮಕ್ಕಳು, ಗೆಳೆಯರು ಕೂಡಿ ಕುಳಿತು, ಬಿದಿರಿನ ಬುಟ್ಟಿಗಳಲ್ಲಿ ಹಬೆಯಾಡುವ ‘ಡಿಮ್ ಸಮ್’ ತಿನಿಸುಗಳನ್ನು ಹಂಚಿಕೊಳ್ಳುವುದು. ತನ್ನ ಬಟ್ಟಲಿಗಿಂತ ಮೊದಲು ಪಕ್ಕದವರ ಬಟ್ಟಲಿಗೆ ಎರೆಯಬೇಕು; ಎರೆಸಿಕೊಂಡವರು ಬೆರಳ ತುದಿಯಿಂದ ಮೇಜನ್ನು ಮೆಲ್ಲನೆ ತಟ್ಟಿ, ಮಾತು ಕಡಿಯದಂತೆ ಕೃತಜ್ಞತೆ ಸೂಚಿಸುವರು. ಚಹಪಾತ್ರೆಯ ಮುಚ್ಚಳವನ್ನು ಓರೆಯಾಗಿಟ್ಟರೆ ಬಿಸಿನೀರು ಬೇಕೆಂದು ಸೂಚನೆ.

ಬೀಳ್ಕೊಳ್ಳುವಾಗ ‘ದಕ್ ಹಾನ್ ಯಮ್ ಚಾ’ ಎನ್ನುತ್ತಾರೆ: ಬಿಡುವಾದಾಗ ಚಹ ಕುಡಿಯೋಣ. ಹಲವು ವೇಳೆ ಅದು ಕೇವಲ ಉಪಚಾರ. ಹೊಸದಾಗಿ ಕಲಿತವನು ಒಡನೆಯೇ ‘ಯಾವ ದಿನ?’ ಎಂದರೆ ಎದುರಿಗಿದ್ದವರು ತಬ್ಬಿಬ್ಬಾದಾರು. ಪ್ರತಿಸಲವೂ ಉಪಚಾರವೆಂದೇ ಬಗೆದರೆ ನಿಜವಾದ ಕರೆಯೊಂದನ್ನು ತಾನೇ ಕಳೆದುಕೊಂಡಾನು. ನಮ್ಮ ‘ಒಮ್ಮೆ ಮನೆಗೆ ಬನ್ನಿ’ ಎಂಬ ಮಾತಿನ ಗತಿಯೂ ಇದೇ ಅಲ್ಲವೆ? ಎರಡರ ಅಂತರವನ್ನು ಕೋಶ ಕಲಿಸದು. ಬಟ್ಟಲಿಗೆ ಚಹ ಎರೆದವರೇ ಕಲಿಸಬೇಕು.