ಮತಗಟ್ಟೆಯಲ್ಲಿ ಮಾಸ್ಕ್, ತಲೆಬರಹದಲ್ಲಿ ಸಮರ

2020ರ ಡಿಸೆಂಬರ್. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ: 22 ಮತ್ತು 27ರಂದು ಮತದಾನ, 30ರಂದು ಎಣಿಕೆ. ಕೊರೊನಾ ಇನ್ನೂ ಊರು ಬಿಟ್ಟಿರಲಿಲ್ಲ.

ಕಣ, ಅಖಾಡ, ರಣತಂತ್ರ, ಸಮರ. ಇದು ಕನ್ನಡ ಪತ್ರಿಕೆಗಳ ಹಳೆಯ ಚುನಾವಣಾ ಭಾಷೆ. ಆ ವರ್ಷ ರೋಗಕ್ಕೂ ಅದೇ ಧಾಟಿ ಬಂತು: ಮಹಾಮಾರಿಯ ಅಟ್ಟಹಾಸ, ಕೊರೊನಾ ವಾರಿಯರ್ಸ್. ಒಂದೇ ಪತ್ರಿಕೆಯಲ್ಲಿ ಎರಡು ಯುದ್ಧ. ಆ ಅಬ್ಬರದ ನಡುವೆ, ಸಾಲಿನಲ್ಲಿ ನಿಂತು ಮತ ಹಾಕುವುದು ಎಷ್ಟು ಸುರಕ್ಷಿತ ಎಂಬ ಸಾದಾ ಪ್ರಶ್ನೆಗೆ ದನಿ ಎಲ್ಲಿಂದ ಬರಬೇಕು?

ಎಚ್ಚರದ ಭಾಷೆ ಪತ್ರಕರ್ತರಿಗೆ ಗೊತ್ತಿಲ್ಲವೆಂದಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ವರದಿಗಳಲ್ಲಿ ಅಭ್ಯರ್ಥಿಗಳು ‘ಬಿಜೆಪಿ ಬೆಂಬಲಿತ’, ‘ಕಾಂಗ್ರೆಸ್ ಬೆಂಬಲಿತ’. ಕಾನೂನಿಗೂ ವಾಸ್ತವಕ್ಕೂ ನಿಷ್ಠವಾದ ಮಾತು ಅದು. ಅದೇ ಎಚ್ಚರ ರೋಗದ ಸುದ್ದಿಗೂ ಬೇಕಿತ್ತು.

ಆ ಚುನಾವಣೆ ಮುಗಿದು ನಾಲ್ಕೇ ತಿಂಗಳು. 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಮಸ್ಕಿ, ಬಸವಕಲ್ಯಾಣ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ. ಕೊರೊನಾದ ಎರಡನೇ ಅಲೆ ಏರುತ್ತಿತ್ತು.

ಪ್ರಚಾರದ ಸುದ್ದಿಯಲ್ಲಿ ‘ಜನಸಾಗರ’ ಎಂದರೆ ಹೊಗಳಿಕೆ. ಆರೋಗ್ಯದ ಸುದ್ದಿಯಲ್ಲಿ ಅದೇ ಗುಂಪು ಅಪಾಯ. ಎರಡು ಸುದ್ದಿಗಳು ಒಂದನ್ನೊಂದು ಮಾತಾಡಿಸದೆ ಅಚ್ಚಾದರೆ ಮೋಸಹೋಗುವವನು ಓದುಗ.

ಮುಂದೆ ಇಂಥ ಹೊತ್ತು ಬಂದರೆ, ‘ಜನಸಾಗರ’ ಎಂದು ಬರೆಯುವ ವರದಿಗಾರರು ಅಲ್ಲಿ ಮಾಸ್ಕ್ ಇತ್ತೇ, ಅಂತರ ಇತ್ತೇ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಲಿ.