ರೈಲಿಗೂ ಓಟು, ಮನೆಗೂ ಓಟು: ಗೆಲ್ಲೋಕೆ ಅರ್ಧ ಸಾಕಾ?

ಇವತ್ತಿನ ಸಂಚಿಕೆ ನನ್ನ ಅಕ್ಕನ ಒಂದು ಫೋನ್ ಕಾಲ್‌ನಿಂದ ಶುರುವಾಯ್ತು. ಅವಳಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. "ನಾನು ದಿನಾ ಆಫೀಸಿಗೆ ಹೋಗೋ ಬಾರ್ಟ್ ರೈಲಿಗೆ ದುಡ್ಡು ಕೊಡಬೇಕಾ ಬೇಡ್ವಾ ಅಂತ ಜನರ ಓಟಿಗೆ ಹಾಕ್ತಾರಂತೆ ಕಣೋ. ಎಚ್-1ಬಿ ವೀಸಾದಲ್ಲಿರೋ ನನಗೆ ಓಟೇ ಇಲ್ಲ" ಅಂದ್ಲು.

ರೈಲಿಗೆ ಓಟು ಯಾಕೆ? ನಮ್ಮಲ್ಲಿ ಮೆಟ್ರೋಗೆ ಎಷ್ಟು ದುಡ್ಡು ಅನ್ನೋದನ್ನ ಸರ್ಕಾರಗಳೇ ತೀರ್ಮಾನಿಸುತ್ತವೆ. ಅಲ್ಲಿ ಹೊಸ ಸ್ಥಳೀಯ ತೆರಿಗೆ ಹಾಕಬೇಕಾದರೆ ಮತದಾರರ ಒಪ್ಪಿಗೆ ಬೇಕು. ಚುನಾವಣೆಯ ಮತಪತ್ರದಲ್ಲೇ ಪ್ರಶ್ನೆ ಇರುತ್ತೆ: ಹೌದಾ, ಇಲ್ವಾ?

ಆದರೆ ಅರ್ಧಕ್ಕಿಂತ ಹೆಚ್ಚು ಜನ 'ಹೌದು' ಅಂದರೂ ಸೋಲಬಹುದು. ಮನೆ, ರಸ್ತೆಗಳಿಗಾಗಿ ಸ್ಥಳೀಯ ಸರ್ಕಾರ ಆಸ್ತಿ ತೆರಿಗೆಯಿಂದ ತೀರಿಸುವ ಸಾಲ ಎತ್ತಬೇಕಾದರೆ ಮೂರರಲ್ಲಿ ಎರಡು ಭಾಗ ಮತ ಬೇಕು. 1978ರಲ್ಲಿ ಜನರೇ ಗೆಲ್ಲಿಸಿದ ಪ್ರೊಪೊಸಿಷನ್ 13, ನಿರ್ದಿಷ್ಟ ಉದ್ದೇಶದ ಸ್ಥಳೀಯ ತೆರಿಗೆಗಳಿಗೂ ಅದೇ ಗೆರೆ ಎಳೆಯಿತು.

ಈ ಗೆರೆ ಎಷ್ಟು ದೊಡ್ಡದು ಗೊತ್ತಾ? 1962ರಲ್ಲಿ ಬಾರ್ಟ್ ಕಟ್ಟೋಕೆ 79.2 ಕೋಟಿ ಡಾಲರ್ ಸಾಲಕ್ಕೆ ಮತ ಕೇಳಿದರು. ಆಗ ಬೇಕಿದ್ದದ್ದು ಶೇ 60, ಬಿದ್ದದ್ದು ಶೇ 61.2. ಮೂರರಲ್ಲಿ ಎರಡು ಬೇಕು ಅಂದಿದ್ದರೆ ಅವತ್ತೇ ಸೋಲು!

ಈಗ ಮನೆ ವಿಷಯಕ್ಕೆ ಬರೋಣ. ಒಂಬತ್ತು ಕೌಂಟಿಗಳಲ್ಲಿ ಕೈಗೆಟಕುವ ಮನೆಗಳಿಗಾಗಿ 2,000 ಕೋಟಿ ಡಾಲರ್ ಸಾಲದ ಪ್ರಸ್ತಾವ 2024ರ ನವೆಂಬರ್ ಮತಪತ್ರಕ್ಕೆ ಬರಬೇಕಿತ್ತು. ಆಗಸ್ಟ್‌ನಲ್ಲೇ ಹಿಂದಕ್ಕೆ ತೆಗೆದುಕೊಂಡರು. ಇಂಥ ಸಾಲಗಳಿಗೆ ಶೇ 55 ಮತ ಸಾಕು ಅಂತ ಮಾಡೋಕೆ ಹೊರಟಿದ್ದ ಪ್ರೊಪೊಸಿಷನ್ 5 ಅದೇ ನವೆಂಬರ್‌ನಲ್ಲಿ ಇಡೀ ರಾಜ್ಯದ ಮುಂದೆ ಬಂತು. ಸುಮಾರು ಶೇ 55 ಮಂದಿ 'ಬೇಡ' ಅಂದರು. ಸಾಲ ತೀರಿಸೋದು ತಮ್ಮ ಆಸ್ತಿ ತೆರಿಗೆಯಿಂದ ತಾನೆ ಅನ್ನೋ ಮನೆ ಮಾಲೀಕರ ಆತಂಕವೂ ಸುಳ್ಳಲ್ಲ.

ರೈಲಿಗೆ ಮಾತ್ರ ಇನ್ನೊಂದು ಬಾಗಿಲಿದೆ. ನಾಗರಿಕರೇ ಸಹಿ ಸಂಗ್ರಹಿಸಿ ತಂದ ತೆರಿಗೆ ಪ್ರಸ್ತಾವಕ್ಕೆ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೂ ಸಾಕು ಅಂತ ಅಲ್ಲಿನ ನ್ಯಾಯಾಲಯಗಳು ಹೇಳಿವೆ. 2025ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎಸ್‌ಬಿ 63 ಕಾನೂನು ಈ ದಾರಿಗೂ ಅವಕಾಶ ಕೊಟ್ಟಿದೆ. ಗುರಿ 2026ರ ನವೆಂಬರ್. ಐದು ಕೌಂಟಿಗಳಲ್ಲಿ 14 ವರ್ಷ ಮಾರಾಟ ತೆರಿಗೆ: ಡಾಲರ್‌ಗೆ ಅರ್ಧ ಸೆಂಟ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಸೆಂಟ್. ಕೋವಿಡ್‌ಗೆ ಮುಂಚೆ ಬಾರ್ಟ್ ಓಡಿಸುವ ಖರ್ಚಿನ ಬಹುಪಾಲು ಟಿಕೆಟ್ ದುಡ್ಡಿನಿಂದಲೇ ಬರ್ತಿತ್ತು. ಮನೆಯಿಂದಲೇ ಕೆಲಸ ಶುರುವಾದ ಮೇಲೆ ಆ ಲೆಕ್ಕ ಕೆಟ್ಟಿತು.

ಈ ತೆರಿಗೆ ಬಂದರೆ ಅಕ್ಕನೂ ಕಟ್ಟಬೇಕು. 100 ಡಾಲರ್‌ನ ಕುಕ್ಕರ್ ತಗೊಂಡರೆ ಅವಳ ಪಾಲು 50 ಸೆಂಟ್. ಬಾರದೆ ರೈಲು ಕಡಿಮೆಯಾದರೆ ಸ್ಟೇಷನ್‌ನಲ್ಲಿ ಕಾಯೋದೂ ಅವಳೇ. ಎರಡರಲ್ಲೂ ಅವಳ ಮತ ಇಲ್ಲ.

"ನೀನೇನು ಮಾಡ್ತೀಯಕ್ಕಾ?" ಅಂತ ಕೇಳಿದೆ. "ಓಟಿರೋ ಪಕ್ಕದ ಮನೆಯವರ ಹತ್ರ ಮಾತಾಡ್ತೀನಿ" ಅಂದ್ಲು.

ಎಷ್ಟು ಜನ 'ಹೌದು' ಅಂದ್ರು ಅಂತ ಸುದ್ದಿ ಬಂದಾಗ, ಎಷ್ಟು ಬೇಕಿತ್ತು ಅಂತಲೂ ಕೇಳಿ. ಮುಂದಿನ ವಾರ ಸಿಗೋಣ.