ನಿಮಗಿದು ಗೊತ್ತೇ? ಹಲ್ಲಿನ ಪಾಚಿಯ ಪುರಾಣ

● ಹಲ್ಲುಜ್ಜಿ ಮುಖ ಒರೆಸಿಕೊಳ್ಳುವಷ್ಟರಲ್ಲೇ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಲು ಶುರು ಮಾಡಿರುತ್ತವೆ. ಬ್ಯಾಕ್ಟೀರಿಯಾಗಳು ಬಂದು ಕೂರುವುದು ಈ ಪೊರೆಯ ಮೇಲೆ. ಅವು ಬೆಳೆದು, ಅಂಟು ಸುರಿಸಿ, ಒತ್ತೊತ್ತಾಗಿ ನೆಲೆಯೂರಿದ ಪದರವೇ ಪ್ಲಾಕ್, ಅಂದರೆ ಪಾಚಿ. ಬೆಳಗ್ಗೆ ಎದ್ದಾಗ ನಾಲಗೆಗೆ ಲೋಳೆಲೋಳೆ ಎನಿಸುತ್ತದಲ್ಲ, ಅದೇ.

● ಈ ಪಾಚಿಯಲ್ಲಿ ಜೀವಿಗಳಿವೆ ಎಂದು ಮೊದಲು ಕಂಡವನು ವೈದ್ಯನಲ್ಲ, ಬಟ್ಟೆ ವ್ಯಾಪಾರಿ! ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್ ದಿನಾ ಬೆಳಗ್ಗೆ ಉಪ್ಪು ಹಾಕಿ ಹಲ್ಲು ತಿಕ್ಕುತ್ತಿದ್ದ ಶಿಸ್ತಿನ ಆಸಾಮಿ. ಆದರೂ ಹಲ್ಲುಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಉಳಿಯುತ್ತಿತ್ತು. ಅದನ್ನು ಕೆರೆದು ಮಳೆನೀರಿನಲ್ಲಿ ಕಲಸಿ, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟಾಣಿ ಜೀವಿಗಳು ಓಡಾಡುತ್ತಿದ್ದವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನು ಗಮನಿಸಿದ ಇನ್ನೊಂದು ಸಂಗತಿ: ವಿನೆಗರ್‌ನಲ್ಲಿ ಬಾಯಿ ಮುಕ್ಕಳಿಸಿದರೂ ಹಲ್ಲಿಗಂಟಿದ ಪದರದೊಳಗಿನ ಜೀವಿಗಳು ಸಾಯಲಿಲ್ಲ, ಕೆರೆದು ತೆಗೆದ ಹಿಟ್ಟಿಗೇ ವಿನೆಗರ್ ಬೆರೆಸಿದಾಗ ಸತ್ತವು.

● ಮೌತ್‌ವಾಶ್ ಜಾಹೀರಾತು ನೋಡುವಾಗ ಆ ಪತ್ರ ನೆನಪಿರಲಿ. ಪದರವನ್ನು ಕದಡುವುದು ಬ್ರಷ್ಷಿನ ಕೆಲಸ, ದ್ರವದ್ದಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶನ್ನು ತಿಂಗಳುಗಟ್ಟಲೆ ಬಳಸಿದರಂತೂ ಹಲ್ಲಿಗೆ ಕಂದು ಕಲೆ ಕೂರುತ್ತದೆ.

● ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಆರೋಗ್ಯವಂತ ವಸಡಿನ 12 ಮಂದಿ ಬೇಕೆಂದೇ ಹಲ್ಲುಜ್ಜುವುದನ್ನು ಬಿಟ್ಟರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ! 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಉರಿಯೂತಕ್ಕೆ ತುತ್ತಾಯಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿಗೂ ಪ್ರಸಿದ್ಧ. ವಸಡಿನಲ್ಲಿ ರಕ್ತ ಬಂತೆಂದು ಬ್ರಷ್ ಕೆಳಗಿಡುವವರು ಮಾಡುತ್ತಿರುವುದು ಸರಿಯಾಗಿ ತಿರುಗುಮುರುಗು.

● ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಾಚಿಯೊಳಗೆ ಆಮ್ಲ ಏರುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಮೊದಲಿನ ಮಟ್ಟಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಆಫೀಸಿನಲ್ಲಿ ಇನ್ನೊಂದು ರೌಂಡ್ ಬೈ-ಟು ಕಾಫಿ ಬಂದಿರುತ್ತದೆ. ಹಬ್ಬದೂಟದಲ್ಲಿ ಒಂದೇ ಸಲ ತಿಂದ ಹೋಳಿಗೆಗಿಂತ ಈ ಗುಟುಕುಗಳೇ ಹಲ್ಲಿಗೆ ಹೆಚ್ಚು ಕಾಟ.

● ರಾತ್ರಿ ಉಜ್ಜಿ ಮಲಗಿ ಎನ್ನುವುದೇಕೆ? ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ.

● ಉಜ್ಜದೆ ಬಿಟ್ಟ ಪಾಚಿಗೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದೇ ಟಾರ್ಟಾರ್. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ಮೇಲಿನ ದವಡೆ ಹಲ್ಲುಗಳ ಕೆನ್ನೆಬದಿ ಅದರ ಮೆಚ್ಚಿನ ತಾಣ, ಜೊಲ್ಲಿನ ನಾಳಗಳು ಅಲ್ಲೇ ಬಾಯಿ ತೆರೆಯುವುದರಿಂದ. ಇದು ಯಾವ ಬ್ರಷ್‌ಗೂ ಜಗ್ಗದು. ದಂತವೈದ್ಯರೇ ಸ್ಕೇಲಿಂಗ್ ಮಾಡಬೇಕು. “ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ ಕಣ್ರೀ” ಎನ್ನುವ ಮಾತು ಊರೂರಲ್ಲೂ ಇದೆ. ಅಲ್ಲಾಡುವುದಕ್ಕೆ ಕಾರಣ ಮೊದಲೇ ಸವೆದಿದ್ದ ಮೂಳೆ. ಟಾರ್ಟಾರ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ.

● ಅದೇ ಟಾರ್ಟಾರ್ ಪುರಾತತ್ತ್ವಜ್ಞರಿಗೆ ಖಜಾನೆ. ಜರ್ಮನಿಯ ಡಾಲ್‌ಹೈಮ್ ಮಠದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಹೂತ ಹೆಂಗಸೊಬ್ಬಳ ಹಲ್ಲಿನಲ್ಲಿ ನೀಲಿ ಕಣಗಳು ಸಿಕ್ಕಿದವು. ಅಫ್ಘಾನಿಸ್ತಾನದಿಂದ ಬರುತ್ತಿದ್ದ ದುಬಾರಿ ಲ್ಯಾಪಿಸ್ ಲಾಜುಲಿ ಕಲ್ಲಿನ ಬಣ್ಣ! ಹಸ್ತಪ್ರತಿಗಳಿಗೆ ಚಿತ್ರ ಬರೆಯುವಾಗ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದಳೆಂದು 2019ರಲ್ಲಿ ವಿಜ್ಞಾನಿಗಳು ಊಹಿಸಿದರು.

● ಹಲ್ಲಿನ ಎಲ್ಲ ಕಲೆಯೂ ಪಾಚಿಯಲ್ಲ. ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ, ಚಿಕ್ಕಂದಿನಲ್ಲೇ ಎನಾಮಲ್‌ನೊಳಗೆ ಮೂಡಿದ ಕಂದು ಗೆರೆಗಳು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಎನಾಮಲ್ಲೇ ಸವೆದೀತು.

● ಬ್ರಷ್ ಹಿಡಿಯುವ ಕೋನ: ವಸಡಿನಂಚಿಗೆ 45 ಡಿಗ್ರಿ. ಸಮಯ: ಎರಡು ನಿಮಿಷ. ಎಳೆಗಳು ಮೆತ್ತಗಿರಲಿ. ಹಲ್ಲುಸಂದಿಗೆ ಫ್ಲಾಸ್ ದಾರ ಅಥವಾ ಸಂದಿಬ್ರಷ್ಷೇ ಬೇಕು. ಪೇಸ್ಟ್ ದೊಡ್ಡವರಿಗೆ ಬಟಾಣಿ ಕಾಳಿನಷ್ಟು, ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು ಸಾಕು. ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಿಂಡುವುದು ಜಾಹೀರಾತಿನವರ ಅಳತೆ.